ಮತೀಸನ ಕತ್ತರಿಯನ್ನು ಊರುಗೋಲು ಅನ್ನಬೇಡಿ

ಮ್ಯೂಸಿಯಂ ನಡೆಸುವವರಿಗೆ, ಅದರಲ್ಲೂ ಚಿತ್ರದ ಪಕ್ಕ ಗೋಡೆಗೆ ಅಂಟಿಸುವ ಆ ಪುಟ್ಟ ಚೀಟಿ ಬರೆಯುವವರಿಗೆ,

ನಮಸ್ಕಾರ. ನಾನು ಕಲೆಯ ಬಗ್ಗೆ ಓದಿ ಡಿಗ್ರಿ ತಗೊಂಡವನಲ್ಲ. ಬಟ್ಟೆ ಕತ್ತರಿಸಿ ಹೊಲಿಯೋದು ನನ್ನ ಕೆಲಸ, ಇಪ್ಪತ್ತೈದು ವರ್ಷದಿಂದ ಅದೇ. ಚಿತ್ರ ನೋಡೋದು ಹುಚ್ಚು, ಅಷ್ಟೇ. ಆ ಹುಚ್ಚಿಗೇ ಒಂದು ಸಲ ಫ್ರಾನ್ಸಿನ ಚಿತ್ರಕಾರ ಆನ್ರಿ ಮತೀಸ್ ಬಣ್ಣದ ಕಾಗದ ಕತ್ತರಿಸಿ ಮಾಡಿದ ಕೆಲಸ ತೋರಿಸಿದ್ದ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಯಾವ ಮ್ಯೂಸಿಯಂ ಅನ್ನೋದು ಬೇಡ ಬಿಡಿ, ಯಾಕಂದ್ರೆ ನಾನು ಹೇಳೋ ತಪ್ಪು ಒಬ್ಬರದೇ ಅಲ್ಲ. ಎಲ್ಲ ಕಡೆ ಒಂದೇ ಥರದ ಚೀಟಿ.

ಅಲ್ಲಿದ್ದ ಚೀಟಿಯ ಮಾತನ್ನ ಕನ್ನಡದಲ್ಲಿ ಹೇಳೋದಾದ್ರೆ ಹೀಗಾಗುತ್ತೆ: ಕಾಯಿಲೆ ಬಿದ್ದು ಕುಂಚ ಹಿಡಿಯೋಕೆ ಆಗದೆ ಮತೀಸ್ ಕೊನೆಗಾಲದಲ್ಲಿ ಕಾಗದ ಕತ್ತರಿಸುವ ಅಲಂಕಾರದ ಕೆಲಸಕ್ಕೆ ಇಳಿದ.

ಇಳಿದ. ಎಲ್ಲಿಂದ ಇಳಿದ ಸ್ವಾಮಿ?

ಕತ್ತರಿ ಹಿಡಿಯೋದು ಅಂದ್ರೆ ಕುಂಚ ಹಿಡಿಯೋದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅಂತ ಆ ಒಂದು ಮಾತಲ್ಲೇ ತೀರ್ಮಾನ ಆಗಿಹೋಯ್ತು. ಕ್ಯಾನ್ವಾಸ್ ಆದ್ರೆ ಕಲೆ. ಬಟ್ಟೆ, ಗಾಜು, ಹೆಂಚು, ಪಾದ್ರಿಯ ನಿಲುವಂಗಿ ಇವೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ. ದಿನಾ ಕತ್ತರಿ ಹಿಡಿಯೋನಿಗೆ ಇದು ಎಲ್ಲಿ ಚುಚ್ಚುತ್ತೆ ಅಂತ ನಿಮಗೆ ಗೊತ್ತಾಗಬೇಕು ಅಂತಲೇ ಈ ಪತ್ರ.

ಮೊದಲು ಕಾಯಿಲೆ ವಿಷಯ. ಅದು ಸುಳ್ಳು ಅಂತ ನಾನು ಹೇಳ್ತಿಲ್ಲ. 1941ರ ಜನವರಿಯಲ್ಲಿ ಲಿಯೋನ್‌ನಲ್ಲಿ ಅವನಿಗೆ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯ್ತು. ಆಗ ವಯಸ್ಸು 71. ಉಳಿಯೋದೇ ಅನುಮಾನ ಅನ್ನೋ ಸ್ಥಿತಿ. ಉಳಿದ. ಆದರೆ ಜಾಸ್ತಿ ಹೊತ್ತು ನಿಲ್ಲೋಕಾಗ್ತಿರಲಿಲ್ಲ, ಆಮೇಲಿನ ಬದುಕೆಲ್ಲ ಹೆಚ್ಚುಕಮ್ಮಿ ಮಂಚದ ಮೇಲೆ, ಗಾಲಿಕುರ್ಚಿ ಮೇಲೆ. ಇದು ಒಪ್ಪೋ ಮಾತೇ. ಆದರೆ ಕುಂಚ ಕೈಬಿಟ್ಟನಾ? ಎಲ್ಲಿ? 1943ರಲ್ಲಿ ದಕ್ಷಿಣ ಫ್ರಾನ್ಸಿನ ನೀಸ್ ಬಿಟ್ಟು ಹತ್ತಿರದ ವಾನ್ಸ್ ಅನ್ನೋ ಊರಿಗೆ ಹೋದ. ಅಲ್ಲಿನ ಮನೆಯಲ್ಲಿ ಕೂತು 1946ರಿಂದ 48ರವರೆಗೆ ಎಣ್ಣೆಬಣ್ಣದಲ್ಲಿ ಕೋಣೆಯ ಒಳಗಿನ ಚಿತ್ರಗಳ ಒಂದು ಸಾಲೇ ಮಾಡಿದ. 'ದೊಡ್ಡ ಕೆಂಪು ಕೋಣೆ' ಅನ್ನೋ ಚಿತ್ರ 1948ರದ್ದು. ಆಪರೇಷನ್ ಆಗಿ ಏಳು ವರ್ಷ! ಆ ಕೆಂಪು ನೋಡಿದ್ರೆ ಕುಂಚ ಹಿಡಿಯೋಕಾಗದ ಕೈ ಮಾಡಿದ್ದು ಅಂತ ಯಾರಾದ್ರೂ ಹೇಳ್ತಾರಾ?

ಇನ್ನು ಕತ್ತರಿ. ಅದು ಕಾಯಿಲೆ ಜೊತೆ ಬಂದ ಊರುಗೋಲು ಅನ್ನೋ ಥರ ನೀವು ಬರೀತೀರಿ. ಆದರೆ 1930ರ ದಶಕದ ಶುರುವಲ್ಲಿ, ಗಟ್ಟಿಮುಟ್ಟಾಗಿ ಏಣಿ ಹತ್ತಿ ಇಳಿಯುತ್ತಿದ್ದ ಕಾಲದಲ್ಲೇ, ಅಮೆರಿಕದ ಮೆರಿಯನ್‌ನಲ್ಲಿದ್ದ ಬಾರ್ನ್ಸ್ ಅವರ ಕಲಾಸಂಗ್ರಹಕ್ಕೆ 'ನೃತ್ಯ' ಅನ್ನೋ ಭಾರಿ ಗೋಡೆಚಿತ್ರ ಮಾಡುವಾಗ ಅವನು ಬಣ್ಣ ಬಳಿದ ಕಾಗದ ಕತ್ತರಿಸಿ, ಗುಂಡುಪಿನ್ನು ಚುಚ್ಚಿ, ಆ ಕಡೆ ಈ ಕಡೆ ಸರಿಸಿ, ಕೈ ಎಲ್ಲಿ ಬರಬೇಕು ಕಾಲು ಎಲ್ಲಿ ಬರಬೇಕು ಅಂತ ನೋಡ್ತಿದ್ದ. ಆ ಚಿತ್ರದ ಕಥೆಯಲ್ಲಿ ನನಗೆ ಒಂದು ವಿಷಯ ಬಹಳ ಇಷ್ಟ. ಕೆಲಸ ಅರ್ಧ ದಾರಿ ಮುಟ್ಟಿದ ಮೇಲೆ ಗೊತ್ತಾಯ್ತು, ಅಳತೆ ತಪ್ಪಿದೆ ಅಂತ! ಪೂರಾ ಹೊಸದಾಗಿ ಮಾಡಬೇಕಾಯ್ತು. ಅಳತೆ ತಪ್ಪಿದ ದಿನ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ನನ್ನಂಥವರನ್ನ ಕೇಳಿ. ಅವನು ನಮ್ಮವನೇ ಅಂತ ಅವತ್ತು ಅನ್ನಿಸ್ತು.

ಇನ್ನೂ ಹಿಂದೆ ಹೋಗೋಣ. 1920ರಲ್ಲಿ ದ್ಯಾಗಿಲೆಫ್‌ನ ಬ್ಯಾಲೆ ಕಂಪನಿಗೆ ಉಡುಪು ಮಾಡಿಕೊಟ್ಟ. ಅದರಲ್ಲಿ ಶೋಕದವರಿಗೆ ಅಂತ ಮಾಡಿದ ಒಂದು ನಿಲುವಂಗಿ ಇದೆ, ಬಿಳಿ ಫೆಲ್ಟ್ ಬಟ್ಟೆಯ ಮೇಲೆ ಕಡುನೀಲಿ ವೆಲ್ವೆಟ್ ತುಂಡುಗಳು. ಅದರ ಫೋಟೋವನ್ನೂ 1950ರ ಕಾಗದದ ಕೆಲಸವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂವತ್ತು ವರ್ಷದ ಅಂತರ ಕಾಣಲ್ಲ. ಅದಕ್ಕೂ ಮೊದಲು, 1907ರಷ್ಟು ಹಿಂದೆಯೇ, ಪಿಂಗಾಣಿ ಹೆಂಚಿನ ಮೇಲೆ ಚಿತ್ರ ಬರೆದು ಜರ್ಮನಿಯ ಹಾಗೆನ್‌ನಲ್ಲಿ ಒಬ್ಬರ ಮನೆಗೆ ಕೊಟ್ಟಿದ್ದಾನೆ.

ಇನ್ನೂ ಹಿಂದೆ ಅಂದ್ರೆ ಅವನು ಬೆಳೆದ ಊರು. ಉತ್ತರ ಫ್ರಾನ್ಸಿನ ಬೊಯೆಂ. ಅದು ನೇಕಾರರ ಊರು, ಪ್ಯಾರಿಸ್ಸಿನ ದೊಡ್ಡ ದೊಡ್ಡ ಅಂಗಡಿಗಳಿಗೆ ಬೆಲೆಬಾಳುವ ರೇಷ್ಮೆ, ವೆಲ್ವೆಟ್ ನೇಯ್ದು ಕಳಿಸುತ್ತಿದ್ದ ಊರು. ಅವನ ವಂಶದಲ್ಲೂ ನೇಕಾರರಿದ್ದರು. ಮಗ್ಗದ ಸದ್ದಿನ ಮಧ್ಯೆ ಬೆಳೆದ ಹುಡುಗ ಎಂಬತ್ತರ ವಯಸ್ಸಲ್ಲಿ ಬಟ್ಟೆಯ ಕಡೆ ಹೋದರೆ ಅದು ಇಳಿದದ್ದಾ? ಮನೆಗೆ ಬಂದದ್ದು ಅನ್ನಬೇಕಲ್ವಾ?

ಅಲಂಕಾರ ಅನ್ನೋ ಪದದ ಬಗ್ಗೆಯೂ ಒಂದು ಮಾತು. ನೀವು ಅದನ್ನ ಬೈಗುಳದ ಥರ ಬಳಸ್ತೀರಿ, 'ಚೆನ್ನಾಗಿದೆ, ಆದರೆ ಬರೀ ಅಲಂಕಾರ' ಅಂತ. ನಮ್ಮ ಭಾಷೆಯಲ್ಲಿ ಕಾವ್ಯ ಹೇಗಿರಬೇಕು ಅಂತ ಹೇಳೋ ಶಾಸ್ತ್ರದ ಹೆಸರೇ ಅಲಂಕಾರ, ಅದಕ್ಕೇ ನನಗೆ ಈ ಬೈಗುಳ ಮೊದಲಿಂದಲೂ ಅರ್ಥ ಆಗಿಲ್ಲ. ಮತೀಸ್‌ಗೂ ಅರ್ಥ ಆಗಿರಲಿಲ್ಲ ಅಂತ ಕಾಣುತ್ತೆ. 1908ರಲ್ಲಿ ತನ್ನ ಚಿತ್ರಕಲೆ ಬಗ್ಗೆ ಬರೆದ ಲೇಖನದಲ್ಲಿ ಅವನು ಹೇಳೋದು ಇಷ್ಟು: ಮನಸ್ಸಲ್ಲಿರೋದನ್ನ ಹೇಳೋಕೆ ಕೈಯಲ್ಲಿರೋ ಸಾಮಗ್ರಿಯನ್ನೆಲ್ಲ ಅಲಂಕಾರವಾಗಿ ಜೋಡಿಸುವ ಕಲೆಯೇ ಸಂಯೋಜನೆ. ಆಗ ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಎಲ್ಲರೂ ದೊಡ್ಡ ಕಲೆ ಅಂತ ಒಪ್ಪೋ ಆ ಎಣ್ಣೆಚಿತ್ರಗಳನ್ನ ಮಾಡುತ್ತಿದ್ದ ಕಾಲ ಅದು.

ಈಗ ಕತ್ತರಿ ಕೆಲಸವನ್ನೇ ಹತ್ತಿರದಿಂದ ನೋಡೋಣ, ಯಾಕಂದ್ರೆ ಇದು ನನಗೆ ಗೊತ್ತಿರೋ ವಿಷಯ. ಅವನು ಕತ್ತರಿಸುವ ಹಳೇ ಫಿಲ್ಮ್ ತುಣುಕೊಂದಿದೆ, ನೀವೂ ನೋಡಿರ್ತೀರಿ. ಬಣ್ಣ ಬಳಿದ ಹಾಳೆ ಎಡಗೈಲಿ, ದೊಡ್ಡ ಕತ್ತರಿ ಬಲಗೈಲಿ. ಹಾಳೆ ಗಾಳಿಯಲ್ಲೇ ತಿರುಗ್ತಿರುತ್ತೆ. ಹೊಸದಾಗಿ ಕಲಿಯೋರು ಬಟ್ಟೆಯನ್ನ ಹಾಗೇ ಬಿಟ್ಟು ಕತ್ತರಿಯನ್ನ ತಿರುಗಿಸೋಕೆ ನೋಡ್ತಾರೆ, ಅದಕ್ಕೇ ಅವರ ತಿರುವೆಲ್ಲ ಮೂಲೆಮೂಲೆ ಆಗುತ್ತೆ. ಕೈ ಪಳಗಿದವರು ಕತ್ತರಿಯನ್ನ ಅರ್ಧ ತೆರೆದು, ಬಾಯಿ ಮುಚ್ಚದೆ ಜಾರಿಸ್ತಾರೆ, ಎದುರಿಗೆ ಬರೋ ಬಟ್ಟೆಯನ್ನೇ ಎಡಗೈ ತಿರುಗಿಸಿಕೊಡುತ್ತೆ. ಅವನದ್ದು ಅಂಥ ಕೈ. ಮುಂಚೆ ಗೆರೆ ಹಾಕಿಕೊಂಡಿಲ್ಲ, ನಾವು ಚಾಕ್‌ನಲ್ಲಿ ಹಾಕ್ತೀವಲ್ಲ ಆ ಥರದ ಗುರುತೂ ಇಲ್ಲ. ನೇರ ಬಣ್ಣದೊಳಕ್ಕೆ ಹೋಗೋದು. 1947ರಲ್ಲಿ ಬಂದ 'ಜಾಝ್' ಪುಸ್ತಕದಲ್ಲಿ ಅವನೇ ಬರೆದಿದ್ದಾನೆ, ಬಣ್ಣವನ್ನ ಹೀಗೆ ಹಸಿಯಾಗಿ ಕತ್ತರಿಸೋದು ಶಿಲ್ಪಿ ನೇರವಾಗಿ ಕಲ್ಲಿಗೆ ಉಳಿ ಇಡೋದನ್ನ ನೆನಪಿಸುತ್ತೆ ಅಂತ. ಗೆರೆ ಬೇರೆ, ಬಣ್ಣ ಬೇರೆ ಅನ್ನೋ ಜಗಳವೇ ಅಲ್ಲಿ ಮುಗೀತು. ಎಣ್ಣೆಬಣ್ಣದಲ್ಲಿ ನಲವತ್ತು ವರ್ಷ ಒದ್ದಾಡಿದ ಜಗಳ ಅದು.

ಇಲ್ಲೇ ಇನ್ನೊಂದು ವಿಷಯ. ಆ 'ಜಾಝ್' ಪುಸ್ತಕ ಎಷ್ಟು ಹೆಸರು ಮಾಡ್ತೋ, ಅಷ್ಟೇ ಅವನಿಗೆ ಬೇಜಾರಾಗಿತ್ತು. ಅಚ್ಚಿನ ಕೆಲಸಕ್ಕೆ ತಾನು ಬಳಿಸಿದ ಬಣ್ಣವನ್ನೇ ಕೊಟ್ಟರೂ, ಕಾಗದ ಮೇಲೆ ಕಾಗದ ಕೂತಾಗ ಇದ್ದ ಜೀವ ಅಚ್ಚಲ್ಲಿ ಹೋಯ್ತು ಅಂತ ಗೆಳೆಯ ರುವೇರ್‌ಗೆ ಪತ್ರ ಬರೆದ. ನಿಮ್ಮ ಅಂಗಡಿಯಲ್ಲಿ ಇವತ್ತು ಮಾರೋ ಪೋಸ್ಟರು, ಮಗ್ಗು, ಛತ್ರಿ ನೋಡಿದ್ರೆ ಏನನ್ನುತ್ತಿದ್ದನೋ. ಜನ ಇದನ್ನ ಸುಮ್ನೆ ಚೆಂದದ ಡಿಸೈನು ಅಂದುಕೊಳ್ಳೋಕೆ ಆ ಅಂಗಡಿಯ ಪಾಲೂ ಇದೆ ಅಂತ ನನ್ನ ಗುಮಾನಿ. ಇರಲಿ, ನಾನೂ ಒಂದು ಪೋಸ್ಟರ್ ತಂದಿದ್ದೀನಿ, ಜಾಸ್ತಿ ಮಾತಾಡೋ ಹಕ್ಕಿಲ್ಲ.

ಅಸಲಿ ಕೆಲಸವನ್ನ ಹತ್ತಿರ ನಿಂತು ನೋಡಿದ್ರೆ ಕಾಣೋದೇ ಬೇರೆ. ಪಿನ್ನಿನ ತೂತುಗಳು! ಒಂದು ಎಲೆಯ ಆಕಾರದಲ್ಲಿ ನಾನು ಹನ್ನೊಂದು ಎಣಿಸಿದೆ, ಅಷ್ಟರಲ್ಲಿ ಕಾವಲಿನವರು ಹಿಂದೆ ಸರೀರಿ ಅಂದ್ರು. ಹನ್ನೊಂದು ತೂತು ಅಂದ್ರೆ ಆ ಎಲೆ ಒಂದೇ ಜಾಗದಲ್ಲಿ ಕೂತಿರಲಿಲ್ಲ ಅಂತ ಅರ್ಥ. ಮಂಚದ ಮೇಲಿಂದ ಅವನು ಹೇಳ್ತಿದ್ದ, ಸಹಾಯಕರು ಪಿನ್ನು ತೆಗೆದು ಇನ್ನೊಂದು ಕಡೆ ಚುಚ್ಚುತ್ತಿದ್ದರು, ಅವನು ನೋಡಿ ಬೇಡ ಅಂತಿದ್ದ, ಮತ್ತೆ ಸರಿಸಬೇಕಿತ್ತು. ಒಂದು ಎಲೆಗೆ ಇಷ್ಟು ಟ್ರಯಲ್ ನೋಡೋನನ್ನ ಹೊತ್ತು ಹೋಗದೆ ಕಾಗದ ಕತ್ತರಿಸಿದ ಮುದುಕ ಅಂತೀರಲ್ಲ. ಚೀಟಿಯಲ್ಲಿ ಈ ತೂತಿನ ಬಗ್ಗೆ ಒಂದಕ್ಷರ ಇರಲಿಲ್ಲ. ಇವನ್ನ ಸರಿಯಾಗಿ ತೋರಿಸಿದ ಪ್ರದರ್ಶನಗಳೂ ಇವೆ ಅನ್ನೋದನ್ನ ಒಪ್ತೀನಿ. 2014ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಆದದ್ದಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನ ಬಂದ್ರು. ಅಂದ್ರೆ ಜನಕ್ಕೆ ಲೆಕ್ಕ ಗೊತ್ತಿದೆ. ಚೀಟಿಗೆ ಮಾತ್ರ ಗೊತ್ತಿಲ್ಲ.

ಈ ಸಹಾಯಕರ ವಿಷಯಕ್ಕೆ ಬರ್ತೀನಿ, ನನ್ನ ಎರಡನೇ ತಕರಾರು ಅದು. ಹಾಳೆಗೆ ಗೌಚ್ ಅನ್ನೋ, ನೀರಲ್ಲಿ ಕಲಸೋ ಮಂದ ಬಣ್ಣ ಬಳಿದವರು ಯಾರು? ಅವನಲ್ಲ. ಲಿಡಿಯಾ ದೆಲೆಕ್ಟರ್‌ಸ್ಕಾಯಾ, ಜಾಕ್ಲೀನ್ ದ್ಯುಎಮ್, ಹೀಗೆ ಬೇರೆ ಬೇರೆ ಕಾಲದಲ್ಲಿ ಅವನ ಜೊತೆ ಕೆಲಸ ಮಾಡಿದ ಹೆಣ್ಣುಮಕ್ಕಳು. ಬಣ್ಣ ಅವನು ಹೇಳಿದ್ದು, ಕೈ ಅವರದ್ದು. ಹಾಳೆಯ ಮೇಲೆ ಕುಂಚ ಓಡಿದ ಗೀಟು ಇವತ್ತಿಗೂ ಕಾಣುತ್ತೆ. 1946ರಲ್ಲಿ ಪ್ಯಾರಿಸ್ಸಿನ ಅವನ ಮನೆಯಲ್ಲಿ ಆದದ್ದು ಕೇಳಿ. ಬಿಳಿ ಕಾಗದದಲ್ಲಿ ಒಂದು ಹಕ್ಕಿ ಕತ್ತರಿಸಿದ. ಬಿಸಾಡೋಕೆ ಮನಸ್ಸು ಬರಲಿಲ್ಲ. ಗೋಡೆ ಮೇಲೆ ಒಂದು ಕೊಳೆಗುರುತು ಇತ್ತು, ಅದನ್ನ ಮುಚ್ಚೋಕೆ ಆ ಹಕ್ಕಿಯನ್ನ ಲಿಡಿಯಾ ಕೈಲಿ ಅಲ್ಲಿ ಅಂಟಿಸಿಸಿದ. ಆಮೇಲೆ ಮೀನು, ಹವಳ, ಸಮುದ್ರದ ಪಾಚಿ, ಒಂದೊಂದೇ ಬಂದು ಗೋಡೆ ತುಂಬಿತು. 1930ರಲ್ಲಿ ತಹೀತಿಗೆ ಹೋಗಿ ಬಂದ ನೆನಪು ಹದಿನಾರು ವರ್ಷ ಆದ ಮೇಲೆ ಹೀಗೆ ಗೋಡೆ ಹತ್ತಿತು. ಲಂಡನ್ನಿನ ಬಟ್ಟೆ ಅಚ್ಚಿನ ಝೀಕಾ ಆಷರ್ ಅದನ್ನ ನೋಡಿ ಲಿನನ್ ಮೇಲೆ ಅಚ್ಚು ಹಾಕಿಸಿದ. 'ಓಷಿಯಾನಿಯಾ' ಅಂತ ಎರಡು ಪರದೆ, ಒಂದು ಆಕಾಶ, ಒಂದು ಸಮುದ್ರ, ತಲಾ 30 ಪ್ರತಿ. ಪ್ಯಾರಿಸ್ಸಿನ ಆ ಗೋಡೆಯ ಮಣ್ಣುಬಣ್ಣ ಬರೋ ಹಾಗೆ ಬಟ್ಟೆಗೆ ಬಣ್ಣ ಕಟ್ಟಬೇಕಿತ್ತು. ಬಟ್ಟೆಗೆ ಬಣ್ಣ ಹೊಂದಿಸೋ ಕಷ್ಟ ಗೊತ್ತಿದ್ದವರಿಗೆ ಗೊತ್ತು, ಒದ್ದೆ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು.

ಅವನ ಗೋಡೆ ಮೇಲೆ ಇನ್ನೇನೇನಿತ್ತು ಗೊತ್ತಲ್ಲ? ಕಾಂಗೋದ ಕುಬಾ ಜನರ ರಾಫಿಯಾ ಬಟ್ಟೆ, ಅಂದ್ರೆ ಒಂದು ಥರದ ತಾಳೆಯ ನಾರಿನದ್ದು, ವೆಲ್ವೆಟ್ ಥರ ಜುಂಗು ಇರೋದು. ಪೆಸಿಫಿಕ್ ದ್ವೀಪಗಳ ಮರದ ತೊಗಟೆಯ ಬಟ್ಟೆ. ರಾಫಿಯಾವನ್ನ ಗಂಡಸರು ನೇಯ್ತಾರೆ, ಅದರ ಮೇಲೆ ಜುಂಗಿನ ಕಸೂತಿ ಹಾಕೋದು ಹೆಂಗಸರು. ಕುಬಾ ಬಟ್ಟೆ ಕೈಯಲ್ಲಿ ಹಿಡಿದವರಿಗೆ ಗೊತ್ತಾಗುತ್ತೆ, ಒಂದು ನಮೂನೆ ಶುರುವಾಗಿ ಮಧ್ಯದಲ್ಲಿ ತನ್ನಷ್ಟಕ್ಕೆ ದಾರಿ ಬದಲಿಸುತ್ತೆ, ಆದ್ರೂ ಲಯ ತಪ್ಪಲ್ಲ. ಮತೀಸ್ ಅದನ್ನ ಗಂಟೆಗಟ್ಟಲೆ ನೋಡ್ತಾ ಕೂರ್ತಿದ್ದ. ಆ ಹೆಂಗಸರ ಹೆಸರು ಯಾವ ಚೀಟಿಯಲ್ಲೂ ಇಲ್ಲ, ಬರೆದಿಟ್ಟವರು ಯಾರೂ ಇರಲಿಲ್ಲ, ಅದು ನಿಮ್ಮ ತಪ್ಪಲ್ಲ. ಆದರೆ ಹೆಸರು ಗೊತ್ತಿರೋರದ್ದಾದ್ರೂ ಹಾಕಬಹುದಲ್ಲ? ಸಿನಿಮಾದ ಕೊನೆಯಲ್ಲಿ ಲೈಟ್‌ಬಾಯ್ ಹೆಸರೂ ಬರುತ್ತೆ.

ವಾನ್ಸ್‌ನ ಚಾಪೆಲ್‌ಗೆ ಬರೋಣ. ಅವನ ಕೊನೆಗಾಲದ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಇದು, 1948ರಿಂದ 51. ಕಾಯಿಲೆಯಲ್ಲಿದ್ದಾಗ ಅವನನ್ನ ನೋಡಿಕೊಂಡ ನರ್ಸ್ ಹುಡುಗಿ ಮೋನಿಕ್ ಬೂರ್‌ಜ್ವಾ, ಅವನ ಚಿತ್ರಗಳಿಗೂ ಕೂತಿದ್ದಳು. ಆಮೇಲೆ ಸನ್ಯಾಸ ತಗೊಂಡು ಸಿಸ್ಟರ್ ಜಾಕ್-ಮರೀ ಆದಳು. ಅವಳ ಮಠಕ್ಕೆ ಒಂದು ಪ್ರಾರ್ಥನಾಮಂದಿರ ಬೇಕಿತ್ತು. ಒಂದು ಗಾಜಿನ ಕಿಟಕಿಯ ಮಾತಿಂದ ಶುರುವಾಗಿ ಇಡೀ ಕಟ್ಟಡ ಅವನ ತಲೆ ಮೇಲೆ ಬಂತು. ಕಿಟಕಿ, ಹೆಂಚಿನ ಗೋಡೆ, ಪೂಜೆಯ ಕಲ್ಲು, ಶಿಲುಬೆ, ದೀಪದ ಕಂಬ, ಪಾದ್ರಿಗಳ ಉಡುಪು, ಎಲ್ಲ ಅವನದ್ದೇ. ದೇವರ ಬಗ್ಗೆ ಅಷ್ಟೇನೂ ತಲೆಕೆಡಿಸಿಕೊಳ್ಳದ ಇವನು ಯಾಕೆ ಚರ್ಚಿನ ಕೆಲಸ ಮಾಡ್ತಾನೆ ಅಂತ ಪಿಕಾಸೋಗೆ ಸಿಟ್ಟೇ ಬಂದಿತ್ತು.

ಕಿಟಕಿಯ ಕಥೆ ಸ್ವಲ್ಪ ಹೇಳಬೇಕು. ಗಾಜಿನ ಚಿತ್ರ ಅಂದ್ರೆ ಬಣ್ಣಬಣ್ಣದ ಗಾಜಿನ ಚೂರುಗಳನ್ನ ಸೀಸದ ಪಟ್ಟಿಯಿಂದ ಒಂದಕ್ಕೊಂದು ಹಿಡಿಸೋದು. ಆ ಪಟ್ಟಿ ಕಪ್ಪು ಗೆರೆಯಾಗಿ ಕಾಣುತ್ತೆ. ಮತೀಸ್ ಒಂದು ಡಿಸೈನ್ ಪೂರ್ತಿ ಮುಗಿಸಿದ, 'ತಿಳಿನೀಲಿ ಕಿಟಕಿ' ಅಂತ ಅದಕ್ಕೆ ಹೆಸರು. ನೋಡಿದ್ರೆ ಸೀಸದ ಪಟ್ಟಿ ಎಲ್ಲಿ ಬರುತ್ತೆ ಅನ್ನೋ ಲೆಕ್ಕವೇ ಹಿಡಿದಿಲ್ಲ! ನಾವು ಹೊಲಿಗೆಗೆ ಬಿಡೋ ಅಂಚು ಮರೆತು ಬಟ್ಟೆ ಕತ್ತರಿಸಿದ ಹಾಗೆ. ತೇಪೆ ಹಾಕೋಕೆ ಹೋಗಲಿಲ್ಲ. ಅಷ್ಟನ್ನೂ ಪಕ್ಕಕ್ಕಿಟ್ಟು ಮೊದಲಿಂದ ಶುರುಮಾಡಿದ, 'ಜೀವವೃಕ್ಷ' ಬಂತು. ಮೂರೇ ಬಣ್ಣ. ಹಸಿರು, ನೀಲಿ, ನಿಂಬೆಹಳದಿ. ಹಸಿರು ನೀಲಿ ಗಾಜಿನಲ್ಲಿ ಆಚೆ ಕಡೆ ಕಾಣುತ್ತೆ, ಹಳದಿಯಲ್ಲಿ ಬೆಳಕು ಮಾತ್ರ ಬರುತ್ತೆ, ಆಚೆ ಕಾಣಲ್ಲ. ಹಾಗಾಗಿ ಕಣ್ಣು ಆಚೆ ಹೋಗ್ತಾ ಹೋಗ್ತಾ ಹಳದಿ ಬಂದ ಕೂಡಲೇ ಒಳಗೇ ನಿಲ್ಲುತ್ತೆ. ಎದುರಿನ ಗೋಡೆಯಲ್ಲಿ ಬಿಳಿ ಹೆಂಚಿನ ಮೇಲೆ ಬರೀ ಕಪ್ಪು ಗೆರೆ, ಮುಖಕ್ಕೆ ಕಣ್ಣು ಮೂಗು ಏನೂ ಇಲ್ಲದ ಸಂತ ಡೊಮಿನಿಕ್. ಕಿಟಕಿಯ ಬಣ್ಣ ಆ ಬಿಳಿಯ ಮೇಲೆ ಬೀಳುತ್ತೆ, ಹೊತ್ತು ಸರಿದ ಹಾಗೆ ಅದೂ ಸರಿಯುತ್ತೆ. ಈ ಗಾಜು ಮಾಡಿದವನು ಪೋಲ್ ಬೋನಿ. ಎಷ್ಟು ಚೀಟಿಯಲ್ಲಿ ಈ ಹೆಸರಿದೆ ಹೇಳಿ.

1951ರ ಜೂನ್ 25ಕ್ಕೆ ಚಾಪೆಲ್ ಉದ್ಘಾಟನೆ ಆಯ್ತು. ಮತೀಸ್‌ಗೆ ಹೋಗೋಕಾಗಲಿಲ್ಲ, ಮೈ ಹುಷಾರಿರಲಿಲ್ಲ. ಬಿಷಪ್‌ಗೆ ಪತ್ರ ಬರೆದು ಕಳಿಸಿದ. ಇದು ನಾಲ್ಕು ವರ್ಷ ಇದೊಂದೇ ಹಿಡಿದು ಮಾಡಿದ ಕೆಲಸ, ನನ್ನ ಇಡೀ ದುಡಿಮೆಯ ಫಲ, ಏನೇ ಕೊರತೆ ಇದ್ದರೂ ಇದೇ ನನ್ನ ಮೇರುಕೃತಿ ಅಂತ ಅದರಲ್ಲಿದೆ. ಅವನ ಬಾಯಲ್ಲೇ ಬಂದ ಮಾತು ಇದು. ಕ್ಯಾನ್ವಾಸಿನ ಯಾವ ಚಿತ್ರದ ಬಗ್ಗೆಯೂ ಅಲ್ಲ, ಒಂದು ಕಟ್ಟಡದ ಬಗ್ಗೆ. ನೀವು ಅದನ್ನ ಕೊನೆಯ ಕೋಣೆಯಲ್ಲಿ, ಹೊರಗೆ ಹೋಗೋ ಬಾಗಿಲ ಹತ್ತಿರ, ಎರಡು ಫೋಟೋ ಹಾಕಿ ಮುಗಿಸಿದ್ದೀರಿ.

ಕೆಲಸ ಅಲ್ಲಿಗೂ ನಿಲ್ಲಲಿಲ್ಲ. 1952ರ ಬೇಸಿಗೆಯಲ್ಲಿ ಈಜುವವರನ್ನ ನೋಡಬೇಕು ಅಂತ ಕಾನ್‌ಗೆ ಹೋದ, ಬಿಸಿಲು ತಡೆಯಲಾಗದೆ ವಾಪಸ್ ಬಂದು, ನೀಸ್‌ನ ಹೋಟೆಲ್ ರೆಜಿನಾದಲ್ಲಿದ್ದ ತನ್ನ ಊಟದ ಕೋಣೆಯ ಗೋಡೆ ಸುತ್ತ ಬಿಳಿ ಕಾಗದದ ಪಟ್ಟಿ ಹಾಕಿಸಿ, ನೀಲಿ ಕಾಗದದಲ್ಲಿ ತನ್ನದೇ ಈಜುಕೊಳ ಮಾಡಿಕೊಂಡ. ಅದು ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಹಿಂದಿದ್ದ ಗೋಣಿಬಟ್ಟೆ ಕಾಲ ಕಳೆದ ಹಾಗೆ ಕಪ್ಪಾಗಿ ಚಿತ್ರ ಮಂಕಾಗಿತ್ತು. ವರ್ಷಗಟ್ಟಲೆ ರಿಪೇರಿ ಮಾಡಿ, ಗೋಣಿಯನ್ನೇ ಬದಲಿಸಿ 2014ರಲ್ಲಿ ಮತ್ತೆ ಹೊರಗಿಟ್ಟರು. ಒಂದು ಗೋಣಿಬಟ್ಟೆಗೆ ಅಷ್ಟು ವರ್ಷ ಕೊಟ್ಟವರೂ ನಿಮ್ಮವರೇ, ಅದಕ್ಕೆ ಕೈ ಮುಗೀತೀನಿ. ಕೊನೆಯದಾಗಿ ನ್ಯೂಯಾರ್ಕ್ ಹತ್ತಿರದ ಪೊಕಾಂಟಿಕೊ ಹಿಲ್ಸ್‌ನ ಚರ್ಚಿಗೆ ಒಂದು ದುಂಡು ಕಿಟಕಿ. ಅದರ ಕಾಗದದ ನಮೂನೆ ಮುಗಿಸಿದ ಕೆಲವೇ ದಿನಕ್ಕೆ, 1954ರ ನವೆಂಬರ್ 3ಕ್ಕೆ ತೀರಿಕೊಂಡ.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. 'ಇಳಿದ' ಅನ್ನೋ ಅರ್ಥ ಬರೋ ಮಾತು ತೆಗೀರಿ. ಕಾಯಿಲೆ ಬಗ್ಗೆ ಬರೀರಿ, ಆದರೆ 1920ರ ನಿಲುವಂಗಿ, 1930ರ ದಶಕದ ಪಿನ್ನು ಕಾಗದದ ಬಗ್ಗೆಯೂ ಅದೇ ಚೀಟಿಯಲ್ಲಿ ಬರೀರಿ. ಕಾಗದದ ಕೆಲಸವನ್ನ ಎಣ್ಣೆಚಿತ್ರದ ಪಕ್ಕವೇ ತೂಗುಹಾಕಿ, ಬೇರೆ ಕೋಣೆ ಬೇಡ. ಬಣ್ಣ ಬಳಿದವರು, ಗಾಜು ಕಟ್ಟಿದವರು, ಅಚ್ಚು ಹಾಕಿದವರು, ಹೊಲಿದವರು, ಹೆಸರು ಗೊತ್ತಿದ್ದ ಕಡೆ ಹೆಸರು ಹಾಕಿ. ಜಾಗ ಸಾಲಲ್ಲ ಅಂದ್ರೆ ಅಕ್ಷರ ಚಿಕ್ಕದು ಮಾಡಿ, ನಾನು ಕನ್ನಡಕ ತರ್ತೀನಿ.

ಇನ್ನೊಂದು, ಇದು ಪಕ್ಕಾ ದರ್ಜಿಯ ಕೋರಿಕೆ. ವಾನ್ಸ್‌ಗೆ ಅಂತ ಮಾಡಿದ ಆ ಪಾದ್ರಿಗಳ ಮೇಲಂಗಿಗಳನ್ನ ನೀವು ಚಿಟ್ಟೆ ಹಿಡಿದು ಚಪ್ಪಟೆ ಮಾಡಿದ ಹಾಗೆ ಗೋಡೆಗೆ ಒತ್ತಿ, ಗಾಜು ಮುಚ್ಚಿ ಇಡ್ತೀರಿ. ಬಿಳಿ, ಹಸಿರು, ನೇರಳೆ, ಕೆಂಪು, ಗುಲಾಬಿ, ಕಪ್ಪು. ಬಣ್ಣ ಕಾಣುತ್ತೆ, ನಿಜ. ಆದರೆ ಅದು ಹೆಗಲಿನ ಮೇಲೆ ಕೂರೋ ಬಟ್ಟೆ. ಮೈ ಮೇಲೆ ಹಾಕಿಕೊಂಡು ಎರಡೂ ಕೈ ಮೇಲೆತ್ತಿದಾಗ ಪಕ್ಕದ ಅಂಚು ಮೇಲೆ ಹೋಗಿ, ಮಧ್ಯದಲ್ಲಿ ನೆರಿಗೆ ಬಿದ್ದು, ಆ ಆಕಾರ ಬೇರೆಯೇ ಆಗುತ್ತೆ. ಅದನ್ನ ಲೆಕ್ಕ ಹಾಕಿಯೇ ಕತ್ತರಿಸಿದ್ದು. ಹಿಂಬದಿ ಚಿತ್ರ ಬೇರೆ, ಮುಂಬದಿ ಬೇರೆ, ಗೋಡೆಗೆ ಒತ್ತಿದ್ರೆ ಒಂದು ಬದಿ ಗೋಡೆ ಪಾಲು. ಅಸಲಿ ಬಟ್ಟೆಗೆ ಭಾರ ಬಿದ್ದು ಹಾಳಾಗುತ್ತೆ ಅನ್ನೋ ಭಯ ನಿಮಗಿರುತ್ತೆ, ನ್ಯಾಯವೇ. ಅದೇ ಅಳತೆಯಲ್ಲಿ ಒಂದು ನಕಲು ಹೊಲಿಸಿ, ಕೈ ಎತ್ತಿದ ಗೊಂಬೆಗೆ ಹಾಕಿ, ಸುತ್ತ ಓಡಾಡೋಕೆ ಜಾಗ ಬಿಟ್ಟು ನಿಲ್ಲಿಸಿ. ಹೊಲಿಯೋಕೆ ಜನ ಸಿಗಲಿಲ್ಲ ಅಂದ್ರೆ ನನ್ನನ್ನ ಕರೀರಿ. ಬಟ್ಟೆ ನಿಮ್ಮದು, ಕತ್ತರಿ ನನ್ನದು, ಕೂಲಿ ಬೇಡ.

ಇಂತಿ,
ಕತ್ತರಿ ಕೆಲಸದವನು